ಹದಿನೈದರಲ್ಲಿ ಒಂದು ಸೆಕೆಂಡು

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಫೋಟೋ ಇದೆ. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯದ್ದು. ಹಿಂದೆ ಕಂಬ. ಜಾತ್ರೆಯಲ್ಲಿ ಹುಡುಗರು ಪೈಪೋಟಿಗೆ ಬಿದ್ದು ಏರುತ್ತಾರಲ್ಲ, ಅದೇ ಎತ್ತರದ, ಜಾರುವ ಕಂಬ. ಆ ಕಂಬದ ಮೇಲಿನ ಒಂದೊಂದು ಗೆರೆಯೂ ಸ್ಪಷ್ಟ. ಹಿಂದಿನ ಗೋಡೆ ಸ್ಪಷ್ಟ. ಗೋಡೆಗೆ ಅಂಟಿಸಿದ ಪೋಸ್ಟರಿನ ಅಕ್ಷರ ಓದಬಹುದು. ಮುಂದೆ ನಿಂತ ನಮ್ಮಪ್ಪ ಮಾತ್ರ ಮಸುಕು. ಎರಡೂ ಕೈ ಮೇಲೆತ್ತಿ ಮೇಲಿನ ಹುಡುಗನಿಗೆ ಏನೋ ಕೂಗುತ್ತಿದ್ದಾನೆ, ನಗುತ್ತಿದ್ದಾನೆ. ನಗುತ್ತಿದ್ದಾನೆ ಅಂತ ನನಗೆ ಗೊತ್ತು, ಯಾಕೆಂದರೆ ಪಕ್ಕದಲ್ಲೇ ನಿಂತಿದ್ದೆ. ಫೋಟೋ ನೋಡಿದವರಿಗೆ ಗೊತ್ತಾಗುವುದಿಲ್ಲ. ಮುಖದ ಜಾಗದಲ್ಲಿ ಕಂದು ಬಣ್ಣದ ಒಂದು ಉಜ್ಜು, ಕೈಗಳ ಜಾಗದಲ್ಲಿ ಹೊಗೆ.

ಈ ಫೋಟೋ ಕೆಟ್ಟಿದ್ದಕ್ಕೆ ಕಾರಣ ಒಂದೇ ಅಕ್ಷರ. ಕ್ಯಾಮೆರಾದ ಡಯಲ್ಲು 'ಎ' ಮೇಲಿತ್ತು.

ಆ ದಿನ ನಡೆದದ್ದು ಹೀಗೆ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಯಾದಗಿರಿಗೆ ಬಂದು ಇಳಿದಿದ್ದೆ. ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತು, ಕಂತಿನ ಮೇಲೆ ಕ್ಯಾಮೆರಾ ತಗೊಂಡಿದ್ದೆ. ಟೆಕ್ಕಿಗಳಿಗೆಲ್ಲ ಒಂದು ವಯಸ್ಸಿನಲ್ಲಿ ಬರುವ ರೋಗ ಅದು. ನನಗೂ ಬಂತು, ಗೋವಾ ಫೋಟೋ ತೆಗೆಯುವ ಬದಲು ನಮ್ಮೂರ ಕಡೆ ಫೋಟೋ ತೆಗೀತೀನಿ ಅಂತ ಸ್ವಲ್ಪ ಜಂಬ ಬೇರೆ. ಮಧ್ಯಾಹ್ನ ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಕಲ್ಲುಗಳ ನಡುವೆ ತಿರುಗಾಡಿದೆ. ಬಯಲಲ್ಲಿ ಸಾಲು ಸಾಲಾಗಿ, ಅಡ್ಡಕ್ಕೂ ಉದ್ದಕ್ಕೂ ಲೆಕ್ಕ ಹಾಕಿ ಇಟ್ಟಂತೆ ಬಂಡೆಗಳು. ಬೃಹತ್ ಶಿಲಾಯುಗದವು. ಮೋಡ ಸರಿದು ನಮ್ಮ ಕಡೆಯ ಬಿಸಿಲು, ಅಂದರೆ ಬಿಸಿಲೇ. ಮೊದಲನೇ ಕಲ್ಲಿನಿಂದ ಕೊನೇ ಕಲ್ಲಿನವರೆಗೆ ಎಲ್ಲವೂ ಚೂಪಾಗಿ ಬರಲಿ ಅಂತ ಅಪರ್ಚರ್ ಪ್ರಯಾರಿಟಿಗೆ ಹಾಕಿ ಎಫ್/11 ಇಟ್ಟೆ, ಐಎಸ್ಒ 100. ಅಷ್ಟು ಬೆಳಕಿಗೆ ಕ್ಯಾಮೆರಾ ತಾನೇ 1/250 ಸೆಕೆಂಡು ಆರಿಸಿಕೊಂಡಿತು. ಫೋಟೋ ಚೆನ್ನಾಗಿ ಬಂದವು.

ಸಂಜೆ ಅಪ್ಪನ ಜೊತೆ ಸುರಪುರ. ಮೋಡ ಮತ್ತೆ ಕವಿದಿತ್ತು, ಹೊತ್ತು ಮುಳುಗುವುದರಲ್ಲಿತ್ತು. ನಾನು ಡಯಲ್ಲು ಮುಟ್ಟಲಿಲ್ಲ. ಕಿಂಡಿ ಎಫ್/11ರಲ್ಲೇ ನಿಂತಿತ್ತು. ಬೆಳಕು ಹದಿನಾರು ಪಟ್ಟು ಕಡಿಮೆ ಆಗಿತ್ತು, ಹಾಗಾಗಿ ಕ್ಯಾಮೆರಾ ಹದಿನಾರು ಪಟ್ಟು ಹೆಚ್ಚು ಹೊತ್ತು ಶಟರ್ ತೆರೆದಿಟ್ಟಿತು. 1/15 ಸೆಕೆಂಡು. ಯಂತ್ರದ್ದೇನೂ ತಪ್ಪಿಲ್ಲ. "ಕಿಂಡಿ ನಾನು ನೋಡ್ಕೋತೀನಿ, ಹೊತ್ತು ನೀ ನೋಡ್ಕೋ" ಅಂತ ನಾನೇ ಹೇಳಿದ್ದೆ, ಅದು ನೋಡಿಕೊಂಡಿತು. ಕಂಬ 1/15 ಸೆಕೆಂಡಿನಲ್ಲಿ ಅಲ್ಲಾಡುವುದಿಲ್ಲ. ಅಪ್ಪ ಅಲ್ಲಾಡಿದ.

ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ನೋಡಿದಾಗ ಎಲ್ಲ ಸರಿ ಇದ್ದಂತೆ ಕಂಡಿತು. ಅಪ್ಪನೂ ಬಗ್ಗಿ ನೋಡಿ, "ಭಾಳ ಚಲೋ ಬಂದದ ಬಿಡು" ಅಂದ.

ಇದನ್ನು ಬರೆಯಲು ಕೂತಾಗ, ಈ 'ಎ' ಮತ್ತು 'ಎಸ್' ಅನ್ನುವ ಎರಡು ಅಕ್ಷರ ಬಂದದ್ದಾದರೂ ಎಲ್ಲಿಂದ ಅಂತ ಹುಡುಕುತ್ತಾ ಹೋದೆ. ಹೋದದ್ದು ಜಪಾನಿಗೆ. ಆದರೆ ದಾರಿಯಲ್ಲಿ ಮೊದಲು ಸಿಕ್ಕಿದ್ದು ಸುರಪುರವೇ.

ಸುರಪುರ ಅಂದರೆ ಮೆಡೋಸ್ ಟೇಲರ್ ಹೆಸರು ಬರದೇ ಇರುವುದಿಲ್ಲ. ಲಿವರ್‌ಪೂಲಿನಲ್ಲಿ 1808ರಲ್ಲಿ ಹುಟ್ಟಿದ ಮನುಷ್ಯ, ನಿಜಾಮನ ಸೇವೆಯಲ್ಲಿದ್ದವನು, ಠಕ್ಕರ ಬಗ್ಗೆ 1839ರಲ್ಲಿ ಕಾದಂಬರಿ ಬರೆದು ಹೆಸರು ಮಾಡಿದವನು. 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಬಂದ. ರಾಜಾ ವೆಂಕಟಪ್ಪ ನಾಯಕ ಇನ್ನೂ ಸಣ್ಣ ಹುಡುಗ, ಆಡಳಿತ ಟೇಲರ್ ಕೈಯಲ್ಲಿ. 1853ರವರೆಗೆ ಇಲ್ಲೇ ಇದ್ದ. ಗುಡ್ಡದ ಮೇಲೆ ಕಟ್ಟಿಸಿದ ಟೇಲರ್ ಮಂಜಿಲ್ ಇವತ್ತಿಗೂ ಇದೆ. ಹುಡುಗ ರಾಜ ಅವನನ್ನು ಅಪ್ಪಾ ಅಂತಲೇ ಕರೀತಿದ್ದ. ಮುಂದೆ 1858ರಲ್ಲಿ ಅದೇ ಹುಡುಗ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಗುಂಡೇಟಿಗೆ ಸತ್ತ. ಆ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ಇಲ್ಲಿ ನನಗೆ ಬೇಕಾದ್ದು ಬೇರೆ.

ಟೇಲರ್ ನಾನು ತಿರುಗಾಡಿದ ವಿಭೂತಿಹಳ್ಳಿಯಲ್ಲೇ ತಿರುಗಾಡಿದ್ದ. ರಾಜನ ಕೋಳೂರಿನ ಕಲ್ಗೋರಿಗಳನ್ನೂ ನೋಡಿದ, ಕೆಲವನ್ನು ಅಗೆಸಿದ, ಅಳೆದ, ಚಿತ್ರ ಬರೆದ, ಪ್ರಬಂಧ ಪ್ರಕಟಿಸಿದ. ಚಿತ್ರ ಬರೆದ ಅನ್ನುವುದನ್ನು ಗಮನಿಸಿ. ಅವನು ಸುರಪುರಕ್ಕೆ ಬಂದ 1841ರಲ್ಲೇ ಇಂಗ್ಲೆಂಡಿನಲ್ಲಿ ಟಾಲ್ಬಟ್ ಎಂಬಾತ ಕಾಗದದ ಮೇಲೆ ನೆಗೆಟಿವ್ ಮಾಡುವ ಕ್ಯಾಲೊಟೈಪ್ ವಿಧಾನಕ್ಕೆ ಪೇಟೆಂಟ್ ಪಡೆದ. ಆ ಕಾಗದ ನಮ್ಮ ಸೀಮೆಗೆ ಬರಲು ಇನ್ನೂ ಹದಿನಾಲ್ಕು ವರ್ಷ ಹಿಡಿಯಿತು.

1855ರಲ್ಲಿ ಬಾಂಬೆ ಸರ್ಕಾರ ತನ್ನ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು ಫೋಟೋ ತೆಗೆಯಲಿಕ್ಕೆಂದೇ ಕಳಿಸಿತು. ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲು. ಆ ವರ್ಷದ ಕೊನೆಗೇ ಅವನನ್ನು ಪಲ್ಟಣಕ್ಕೆ ವಾಪಸ್ ಕರೆಸಿಕೊಂಡರು. ಕೆಲಸ ಮುಂದುವರಿಸಿದವನು ವೈದ್ಯನಾಗಿದ್ದ ಡಾ. ಪಿಗೌ. ಮೈಸೂರು ಸೀಮೆಯ ಹಳೇಬೀಡು, ಬೇಲೂರು ಕಡೆ ಡಾ. ನೀಲ್. ಈ ಮೂವರ ಫೋಟೋಗಳನ್ನು ಸೇರಿಸಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಮೇಲೆ ಒಂದು ದೊಡ್ಡ ಪುಸ್ತಕ ಬಂತು. ಫೋಟೋಗಳನ್ನು ಆಗ ಅಚ್ಚು ಹಾಕಲು ಬರುತ್ತಿರಲಿಲ್ಲ, ಒಂದೊಂದನ್ನೂ ಪುಟಕ್ಕೆ ಅಂಟಿಸಿದ್ದರು. ಅದಕ್ಕೆ ಇತಿಹಾಸದ ಭಾಗ ಬರೆದವನು ಯಾರು? ಅಷ್ಟೊತ್ತಿಗೆ ನಿವೃತ್ತನಾಗಿ ತನ್ನ ದೇಶಕ್ಕೆ ಮರಳಿದ್ದ ಸುರಪುರದ ಟೇಲರ್. ಜೊತೆಗೆ ಜೇಮ್ಸ್ ಫರ್ಗ್ಯುಸನ್ನನ ಟಿಪ್ಪಣಿ. ಅದೇ ವರ್ಷ ಬಂದ ಬಿಜಾಪುರದ ಪುಸ್ತಕದಲ್ಲೂ ಈ ಇಬ್ಬರೇ. ಸುರಪುರದಲ್ಲಿದ್ದಾಗ ಪೆನ್ಸಿಲ್ಲಿನಿಂದ ಕಲ್ಲು ಬರೆದವನಿಗೆ, ಬಿಟ್ಟು ಹೋದ ಮೇಲೆ ಅಲ್ಲಿ ಫೋಟೋ ಸಿಕ್ಕಿತು.

ಬಿಗ್ಸ್‌ನ ಕ್ಯಾಮೆರಾದಲ್ಲಿ ಡಯಲ್ಲು ಇರಲಿಲ್ಲ, ಶಟರ್ರೇ ಇರಲಿಲ್ಲ. ಲೆನ್ಸಿನ ಮುಚ್ಚಳ ಕೈಯಿಂದ ತೆಗೆಯುವುದು, ಎಣಿಸುವುದು, ಮುಚ್ಚುವುದು. ಎಣಿಕೆ ಸೆಕೆಂಡಿನ ಲೆಕ್ಕದ್ದಲ್ಲ, ನಿಮಿಷದ್ದು. ಬಿಸಿಲು ಎಷ್ಟಿದೆ, ಕಾಗದ ಎಷ್ಟು ಚುರುಕಾಗಿದೆ ಅಂತ ಅಂದಾಜಿನ ಮೇಲೆ ನಡೀಬೇಕು. ನಮ್ಮ ಬಯಲುಸೀಮೆಯ ಬಿಸಿಲು ಆ ಕೆಲಸಕ್ಕೆ ಒಳ್ಳೆಯದೇ, ಆದರೆ ರಾಸಾಯನಿಕಗಳಿಗೆ ಅಲ್ಲ. ಅಷ್ಟು ಹೊತ್ತು ಕದಲದೆ ನಿಲ್ಲುವವರು ಯಾರು? ಗೋಳಗುಮ್ಮಟ ನಿಲ್ಲುತ್ತದೆ, ಪಟ್ಟದಕಲ್ಲಿನ ಗುಡಿ ನಿಲ್ಲುತ್ತದೆ. ಮುಂದೆ ಹಾದುಹೋದ ದನಗಾಹಿ, ನೀರು ಹೊತ್ತ ಹೆಂಗಸು ನಿಲ್ಲುವುದಿಲ್ಲ. ಅವರು ಮಸುಕಾಗಿಯೂ ಬರುವುದಿಲ್ಲ, ಬರುವುದೇ ಇಲ್ಲ. 1838ರಲ್ಲಿ ಡಾಗೆರ್ ತೆಗೆದ ಪ್ಯಾರಿಸ್ ಬೀದಿಯ ಚಿತ್ರ ನೀವೂ ನೋಡಿರಬಹುದು. ತುಂಬಿದ ಬೀದಿ, ಆದರೆ ಕಾಣುವುದು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಒಂದೇ ಕಡೆ ನಿಂತವನೊಬ್ಬನೇ. ಆ ಕಾಲದ ಗುಡಿ ಮಸೀದಿಗಳ ಫೋಟೋ ನೋಡಿ, ಊರೆಲ್ಲ ಪಾಳು ಬಿದ್ದಿತ್ತೇನೋ ಅನ್ನಿಸುತ್ತದೆ. ಪಾಳು ಬಿದ್ದ ಕಟ್ಟಡ ಇದ್ದವು, ನಿಜ. ಜನರೂ ಇದ್ದರು.

ಅಲ್ಲಿಂದ ಮುಂದಿನದ್ದು ಬೇಗ ಹೇಳಿಬಿಡ್ತೀನಿ. 1880ರ ದಶಕದ ಹೊತ್ತಿಗೆ ಒಣ ಗಾಜಿನ ಪ್ಲೇಟು ಬಂತು, ಸೆಕೆಂಡಿನ ಚೂರಿನಲ್ಲಿ ಫೋಟೋ ಸಾಧ್ಯ ಆಯ್ತು. ಆಗ ನಾವು ನಿಜಾಮನ ರಾಜ್ಯ. ಆರನೇ ನಿಜಾಮ ಮಹಬೂಬ್ ಅಲಿ ಖಾನನ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನದಯಾಳ್ ಹೈದರಾಬಾದಿನಲ್ಲಿ ಅರಮನೆ, ಬೇಟೆ, ಮೆರವಣಿಗೆ ಎಲ್ಲವನ್ನೂ ಹಿಡಿದ. ಜನ ಚೌಕಟ್ಟಿನೊಳಗೆ ಬಂದರು, ಆದರೆ ಬಂದ ಜನ ಎಂಥವರು ಅಂತ ನೋಡಿದರೆ ಬಹುಪಾಲು ಪಗಡಿಯವರು. ಸುರಪುರದ ದರ್ಬಾರಿಗೆ ಗರುಡಾದ್ರಿ ಮನೆತನದ ಚಿತ್ರಕಾರರಿದ್ದರು, ಚಿನ್ನದ ರೇಕು ಹಚ್ಚಿ ದೇವರನ್ನೂ ರಾಜರನ್ನೂ ಬರೆಯುತ್ತಿದ್ದರು. ನಮ್ಮಂಥವರ ಮನೆಗೆ ಫೋಟೋ ಬಂದದ್ದು ತೀರಾ ತಡವಾಗಿ. ನಮ್ಮಜ್ಜಿಯದ್ದು ಒಂದೂ ಇಲ್ಲ.

ಇನ್ನು ಡಯಲ್ಲಿನ ಕತೆ. ಇದು ನನಗೆ ತುಂಬಾ ಇಷ್ಟವಾದ ಭಾಗ, ಯಾಕೆಂದರೆ ಇದು ಕಲೆಯ ಇತಿಹಾಸಕ್ಕಿಂತ ಹೆಚ್ಚಾಗಿ ಎಂಜಿನಿಯರುಗಳ ತಲೆನೋವಿನ ಇತಿಹಾಸ.

ಸರಿಯಾದ ಬೆಳಕಿಗೆ ಎರಡು ನಲ್ಲಿ. ಕಿಂಡಿ ಎಷ್ಟು ದೊಡ್ಡದು, ತೆರೆದಿಡುವ ಹೊತ್ತು ಎಷ್ಟು. ಕಾಲುವೆ ನೀರು ಬಿಡುವಂತೆಯೇ. ತೂಬು ದೊಡ್ಡದಾಗಿ ತೆಗೆದರೆ ಸ್ವಲ್ಪ ಹೊತ್ತು ಸಾಕು, ಸಣ್ಣದಾಗಿ ತೆಗೆದರೆ ರಾತ್ರಿಯೆಲ್ಲ ಗದ್ದೆ ಕಾಯಬೇಕು. ಗದ್ದೆಗೆ ಬಿದ್ದ ನೀರು ಒಂದೇ. 1930ರ ದಶಕದಲ್ಲಿ ಬೆಳಕು ಬಿದ್ದರೆ ಕರೆಂಟು ಹುಟ್ಟಿಸುವ ಸೆಲೆನಿಯಂ ತುಂಡಿನಿಂದ ಬೆಳಕಿನ ಮೀಟರು ಮಾಡಿದರು. ಆ ಕರೆಂಟು ಬಹಳ ಬಡವ, ಒಂದು ಸೂಜಿಯನ್ನು ಅಲ್ಲಾಡಿಸಿದರೆ ಹೆಚ್ಚು. 1938ರಲ್ಲಿ ಕೊಡ್ಯಾಕ್ ಕಂಪನಿ ಸೂಪರ್ ಸಿಕ್ಸ್-20 ಅನ್ನುವ ಕ್ಯಾಮೆರಾದಲ್ಲಿ ಆ ಸೂಜಿಯನ್ನೇ ಕೆಲಸಕ್ಕೆ ಹಚ್ಚಿತು. ಬಟನ್ ಒತ್ತಿದಾಗ ಸೂಜಿ ಎಲ್ಲಿದೆಯೋ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ನಂತರ ಅದಕ್ಕೆ ತಾಗುವವರೆಗೆ ಕಿಂಡಿ ಸರಿದು ನಿಲ್ಲುತ್ತದೆ. ಬಲವೆಲ್ಲ ನಿಮ್ಮ ಬೆರಳಿನದು, ಸೂಜಿ ಬರೀ ಎಲ್ಲಿ ನಿಲ್ಲಬೇಕು ಅಂತ ಹೇಳುತ್ತದೆ. ಬೆಲೆ ಆಗಿನ 225 ಡಾಲರ್. ಹೆಚ್ಚು ಮಾರಾಟ ಆಗಲಿಲ್ಲ, ಯಾಕೆ ಅಂತ ಕೇಳಬೇಕಾಗಿಲ್ಲ.

ಇಲ್ಲಿ ಒಂದು ವಿಷಯ ನೋಡಿ. ಸಿಕ್ಕಿಬಿದ್ದ ಸೂಜಿ ಕಿಂಡಿಯನ್ನು ನಿಲ್ಲಿಸಬಲ್ಲದು. ಶಟರಿನ ಹೊತ್ತನ್ನು ಬದಲಿಸುವುದು ಅಷ್ಟು ಸಲೀಸಲ್ಲ, ಅದು ಸ್ಪ್ರಿಂಗು, ಹಲ್ಲುಚಕ್ರಗಳ ಗಡಿಯಾರದಂಥ ಯಂತ್ರ. ಹಾಗಾಗಿ ಮೊದಲು ಬಂದದ್ದು "ಹೊತ್ತು ನೀವು ಹೇಳಿ, ಕಿಂಡಿ ನಾನು ನೋಡ್ಕೋತೀನಿ" ಅನ್ನುವ ಶಟರ್ ಪ್ರಯಾರಿಟಿ. 1965ರಲ್ಲಿ ಕೊನಿಕಾ ಆಟೋ-ರಿಫ್ಲೆಕ್ಸ್ ಇದನ್ನು ಎಸ್‌ಎಲ್‌ಆರ್ ಕ್ಯಾಮೆರಾಕ್ಕೆ ತಂದಾಗಲೂ ಒಳಗಿದ್ದದ್ದು ಅದೇ ಸೂಜಿ ಹಿಡಿಯುವ ಉಪಾಯ.

ಅಪರ್ಚರ್ ಪ್ರಯಾರಿಟಿ ಸಲೀಸಾಗಬೇಕಾದರೆ ಶಟರ್ ಎಲೆಕ್ಟ್ರಾನಿಕ್ ಆಗಬೇಕಿತ್ತು. ಬೆಳಕಿಗೆ ತಕ್ಕಂತೆ ಒಂದು ಕೆಪ್ಯಾಸಿಟರ್ ತುಂಬುವ ಹೊತ್ತನ್ನೇ ಶಟರಿನ ಹೊತ್ತು ಮಾಡಿದರು. ಬಿಇ ಎರಡನೇ ವರ್ಷದ ಲ್ಯಾಬಿನಲ್ಲಿ ನಾವೆಲ್ಲ ಮಾಡಿ, ರೆಕಾರ್ಡ್ ಬರೆದು, ಮರೆತ ಆರ್‌ಸಿ ಸರ್ಕ್ಯೂಟು. ಅದರ ಉಪಯೋಗ ಏನು ಅಂತ ಆಗ ಯಾರಾದರೂ ಯಾಶಿಕಾ ಎಲೆಕ್ಟ್ರೋ 35 ತೋರಿಸಿದ್ದರೆ ನಾನು ಇನ್ನೂ ಸ್ವಲ್ಪ ಓದುತ್ತಿದ್ದೆನೋ ಏನೋ. 1966ರಲ್ಲಿ ಬಂದ ಕ್ಯಾಮೆರಾ ಅದು. 1971ರಲ್ಲಿ ಪೆಂಟಾಕ್ಸ್ ತನ್ನ ಎಲೆಕ್ಟ್ರೋ ಸ್ಪಾಟ್‌ಮ್ಯಾಟಿಕ್‌ನಲ್ಲಿ, ಮರುವರ್ಷ ನಿಕಾನ್ ತನ್ನ ನಿಕ್ಕೋರ್‌ಮ್ಯಾಟ್ ಇಎಲ್‌ನಲ್ಲಿ ಇದೇ ದಾರಿ ಹಿಡಿದವು.

ಪೆಂಟಾಕ್ಸ್ ಯಾಕೆ ಹೊತ್ತನ್ನು ಯಂತ್ರಕ್ಕೆ ಬಿಟ್ಟಿತು, ಕ್ಯಾನನ್ ಯಾಕೆ ಕಿಂಡಿಯನ್ನು ಬಿಟ್ಟಿತು? ಫೋಟೋಗ್ರಫಿಯ ತತ್ವದ ಮಾತು ಅಲ್ಲ. ಪೆಂಟಾಕ್ಸಿನ ಲೆನ್ಸುಗಳು ತಿರುಪಿ ಕೂರಿಸುವಂಥವು, ಲೋಕದ ತುಂಬ ಜನರ ಕೈಯಲ್ಲಿದ್ದವು, ಕ್ಯಾಮೆರಾದ ಒಳಗಿನಿಂದ ಅವುಗಳ ಕಿಂಡಿಯನ್ನು ಬೇಕಾದಷ್ಟಕ್ಕೆ ನಿಲ್ಲಿಸಲು ದಾರಿ ಇರಲಿಲ್ಲ. ಹಾಗಾಗಿ ಉಳಿದದ್ದು ಶಟರ್ ಒಂದೇ. ಕ್ಯಾನನ್ 1971ರಲ್ಲಿ ಎಫ್‌ಡಿ ಅನ್ನುವ ಹೊಸ ಲೆನ್ಸ್ ಸಾಲು ತಂದು, ಕ್ಯಾಮೆರಾವೇ ಕಿಂಡಿ ಆಡಿಸುವ ವ್ಯವಸ್ಥೆ ಮಾಡಿಕೊಂಡಿತ್ತು. ಅದರ ಮೇಲೆ 1976ರ ಎಇ-1 ನಿಂತಿತು. ಒಳಗೆ ಮೈಕ್ರೋಪ್ರೊಸೆಸರ್, ಮಾದರಿ ಶಟರ್ ಪ್ರಯಾರಿಟಿ. ಹಳೇ ಕೋಡ್ ಮುರಿಯದೆ ಹೊಸ ಫೀಚರ್ ಸೇರಿಸಬೇಕಾದ ಸಂಕಟ ನಮ್ಮ ಆಫೀಸಿನಲ್ಲಿ ದಿನಾ ಇರುವಂಥದ್ದೇ. ಆಮೇಲೆ ಜನ ಅದಕ್ಕೆ ಸಿದ್ಧಾಂತ ಕಟ್ಟಿದರು. ಆಳ ಬೇಕಾದ ಕಲಾವಿದನಿಗೆ ಅದು, ಓಟ ಹಿಡಿಯುವ ಪತ್ರಕರ್ತನಿಗೆ ಇದು ಅಂತ. ಕಂಪನಿ ಕಂಪನಿಯ ಭಕ್ತರು ಜಗಳವಾಡಿದರು. 1977ರಲ್ಲಿ ಮಿನೋಲ್ಟಾ ಎಕ್ಸ್‌ಡಿ ಎರಡನ್ನೂ ಒಂದೇ ಕ್ಯಾಮೆರಾದಲ್ಲಿ ಕೊಟ್ಟಿತು. 1978ರಲ್ಲಿ ಕ್ಯಾನನ್ ಎ-1 ಎರಡರ ಜೊತೆಗೆ ಪೂರ್ತಿ ತಾನೇ ನೋಡಿಕೊಳ್ಳುವ 'ಪಿ'ಯನ್ನೂ ಸೇರಿಸಿತು. ನಾವು ಇವತ್ತು ತಿರುಗಿಸುವ ಡಯಲ್ಲು ಬಹುಮಟ್ಟಿಗೆ ಆಗಲೇ ತಯಾರಾಗಿತ್ತು. ಕೆಲವು ಕ್ಯಾಮೆರಾಗಳಲ್ಲಿ 'ಎಸ್' ಬದಲು 'ಟಿವಿ' ಅಂತ ಇರುತ್ತದೆ, ಟೈಮ್ ವ್ಯಾಲ್ಯೂ. ನನ್ನ ರೂಂಮೇಟ್ ಒಬ್ಬ ಅದನ್ನು ತಿಂಗಳುಗಟ್ಟಲೆ ವಿಡಿಯೋ ಮೋಡ್ ಅಂತಲೇ ತಿಳಿದಿದ್ದ.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳಬೇಕು? ಅಂತರ್ಜಾಲದಲ್ಲಿ ಸಿಗುವ ಬುದ್ಧಿಮಾತು ಬಹುಪಾಲು 'ಎ' ಕಡೆಗೇ ವಾಲುತ್ತದೆ. ಕಿಂಡಿ ಹಿಡಿದುಕೊಳ್ಳಿ, ಹೊತ್ತು ಹೇಗೋ ಸರಿಹೋಗುತ್ತದೆ ಅಂತ. ಶಹಾಪುರದ ಬುದ್ಧ ಮಲಗಿದ ಬೆಟ್ಟಕ್ಕೆ ಅದು ಸರಿಯೇ. ಆ ಬುದ್ಧ ಎದ್ದು ಕೂರುವುದಿಲ್ಲ. ಯಾದಗಿರಿ ಕೋಟೆಗೂ ಸರಿ. ಆದರೆ ಬೋನಾಳ ಕೆರೆಗೆ ಹೋಗಿ ನೋಡಿ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಗುಂಪಾಗಿ ಎದ್ದರೆ 1/1000 ಇಲ್ಲದೆ ರೆಕ್ಕೆ ಸಿಗುವುದಿಲ್ಲ. ಅಲ್ಲಿ 'ಎಸ್'. ಇದರಲ್ಲೂ ಒಂದು ಬಲೆ ಇದೆ. ಹೊತ್ತು ನೀವು ಕಟ್ಟಿಹಾಕಿದಿರಿ, ಬೆಳಕು ಕಡಿಮೆಯಾಯಿತು, ಕಿಂಡಿ ಪೂರ್ತಿ ತೆರೆದರೂ ಸಾಲಲಿಲ್ಲ ಅಂದರೆ ಕ್ಯಾಮೆರಾ ಒಂದು ಅಂಕೆ ಮಿಣುಕಿಸಿ ಕಪ್ಪು ಫೋಟೋ ತೆಗೆದು ಕೈಗಿಡುತ್ತದೆ. 'ಎ'ಯಲ್ಲಿ ಹಾಗಾಗುವುದು ಕಡಿಮೆ, ಅಲ್ಲಿ ಯಂತ್ರದ ಹತ್ತಿರ ಸೆಕೆಂಡುಗಟ್ಟಲೆ ಹೊತ್ತು ಇದೆ. ಅದೇ ಕಾರಣಕ್ಕೆ 'ಎ' ಹೆಚ್ಚು ಅಪಾಯ ಅಂತ ನನ್ನ ಅಭಿಪ್ರಾಯ. ಕಪ್ಪು ಫೋಟೋ ತಪ್ಪು ಅಂತ ಅಲ್ಲೇ ಗೊತ್ತಾಗುತ್ತದೆ, ಇನ್ನೊಂದು ತೆಗೆಯಬಹುದು. ಮಸುಕು ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ.

ಡಿಜಿಟಲ್ ಬಂದ ಮೇಲೆ ಮೂರನೇ ನಲ್ಲಿಯೂ ಕೈಗೆ ಸಿಕ್ಕಿತು. ರೋಲಿನ ಕಾಲದಲ್ಲಿ 36 ಫೋಟೋ ಮುಗಿಯುವವರೆಗೆ ಐಎಸ್ಒ ಬದಲಿಸುವಂತಿರಲಿಲ್ಲ. ಈಗ ಫೋಟೋದಿಂದ ಫೋಟೋಕ್ಕೆ ಬದಲಿಸಬಹುದು. 2006ರ ಪೆಂಟಾಕ್ಸ್ ಕೆ10ಡಿಯಲ್ಲಿ ಕಿಂಡಿ, ಹೊತ್ತು ಎರಡನ್ನೂ ನೀವಿಟ್ಟುಕೊಂಡು ಐಎಸ್ಒ ಮಾತ್ರ ಯಂತ್ರಕ್ಕೆ ಬಿಡುವ ಮೋಡ್ ಕೂಡ ಬಂತು. ಇವತ್ತಿನ ಬಹಳಷ್ಟು ಕ್ಯಾಮೆರಾಗಳಲ್ಲಿ 'ಎ'ಯಲ್ಲೇ ಇದ್ದು, ಆಟೋ ಐಎಸ್ಒ ಹಾಕಿ, "1/250ಕ್ಕಿಂತ ಕೆಳಗೆ ಇಳಿಯಬೇಡ" ಅಂತ ಗೆರೆ ಎಳೆಯಬಹುದು. ಮೆನುವಿನ ಮೂರನೇ ಪುಟದಲ್ಲಿ ಇರುತ್ತದೆ. ನನ್ನ ಕ್ಯಾಮೆರಾದಲ್ಲೂ ಇತ್ತು. ಆ ಸಂಜೆ ಎಫ್/11 ಬಿಟ್ಟು ಎಫ್/5.6, ಐಎಸ್ಒ 100 ಬಿಟ್ಟು 400 ಮಾಡಿದ್ದರೂ ಸಾಕಿತ್ತು, ಹೊತ್ತು ತಾನೇ 1/250ಕ್ಕೆ ಬರುತ್ತಿತ್ತು. ಈ ಲೆಕ್ಕ ನಾನು ಎಷ್ಟು ಸಲ ಹಾಕಿದ್ದೀನೋ. ಪ್ರತಿಸಲವೂ ಸರಿಯಾಗೇ ಬರುತ್ತದೆ.

ಎರಡು ವರ್ಷದ ನಂತರ ಅಪ್ಪ ಹೋದ. ತೊಗರಿ ರಾಶಿಯ ಹೊತ್ತು. ನಾನು ರೈಲಿನಲ್ಲಿದ್ದಾಗಲೇ ತಮ್ಮ ಫೋನ್ ಮಾಡಿ, "ಫ್ರೇಮಿಗೆ ಹಾಕ್ಲಾಕ ಒಂದು ಫೋಟೋ ಬೇಕು, ನಿನ್ ಕ್ಯಾಮೆರಾದಾಗ ಇರ್ತಾವಲ್ಲ" ಅಂದ. ಇದ್ದವು. ವಿಭೂತಿಹಳ್ಳಿಯ ಕಲ್ಲಿನ ಫೋಟೋ ಎಂಬತ್ತು ಇದ್ದವು. ಅಪ್ಪನದು ಅದೊಂದೇ. ಸ್ಟುಡಿಯೋಕ್ಕೆ ಪೆನ್‌ಡ್ರೈವ್ ಒಯ್ದೆ. ಅಂಗಡಿಯವರು ದೊಡ್ಡದು ಮಾಡಿ, ಅತ್ತ ಇತ್ತ ಸರಿಸಿ ನೋಡಿ, ನನಗೆ ಬೇಜಾರಾಗಬಾರದು ಅಂತ, "ಕಂಬ ಭಾಳ ಚಂದ ಬಂದದ್ರಿ ಸರ" ಅಂದರು. ಆಮೇಲೆ ಮೆಲ್ಲಗೆ, "ಓಟರ್ ಕಾರ್ಡು ಐತೇನ್ರಿ?" ಅಂತ ಕೇಳಿದರು.

ಹಾಗಾಗಿ ನಮ್ಮ ಮನೆಯ ಗೋಡೆಯ ಮೇಲಿರುವುದು ಚುನಾವಣೆ ಗುರುತಿನ ಚೀಟಿಯಿಂದ ಹಿಗ್ಗಿಸಿದ ಅಪ್ಪ. ನೀಲಿ ಹಿನ್ನೆಲೆ, ಯಾರದ್ದೋ ಕೋಟು ಕಂಪ್ಯೂಟರಿನಲ್ಲಿ ತೊಡಿಸಿದ್ದಾರೆ. ಅಪ್ಪ ಜನ್ಮದಲ್ಲಿ ಕೋಟು ಹಾಕಿದವನಲ್ಲ. ಮುಖ ಸ್ಪಷ್ಟ ಇದೆ, ಆದರೆ ಅದು ಸಾಲಿನಲ್ಲಿ ನಿಂತು ಬೇಸತ್ತವನ ಮುಖ. ನಮ್ಮವ್ವನಿಗೆ ಒಂದು ದಿನ ಲ್ಯಾಪ್‌ಟಾಪಿನಲ್ಲಿ ಆ ಇನ್ನೊಂದು ಫೋಟೋ ತೋರಿಸಿದೆ. ಯಾವಾಗಲೂ ಅದನ್ನು ಬಚ್ಚಿಡುತ್ತಿದ್ದೆ. ಅವಳು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. "ಇದು ನಿಮ್ಮಪ್ಪನ" ಅಂದಳು. "ಹಿಂಗೇ ಕೈ ಎತ್ತತಿದ್ದ." ಪ್ರಿಂಟ್ ಹಾಕಿಸಲಾ ಅಂದರೆ, "ಮಂದಿ ಏನಂದಾರು, ಮುಖಾನೇ ಇಲ್ಲ" ಅಂದಳು.

ಹೋದ ವರ್ಷದ ಜಾತ್ರೆಗೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಬಸ್ಸಿನಲ್ಲೇ ಡಯಲ್ಲು 'ಎಸ್'ಗೆ ತಿರುಗಿಸಿ, 1/250 ಇಟ್ಟು, ಐಎಸ್ಒ ಯಂತ್ರಕ್ಕೆ ಬಿಟ್ಟಿದ್ದೆ. ಎರಡೆರಡು ಸಲ ನೋಡಿಕೊಂಡೆ. ಕಂಬದ ಮೇಲೆ ಹುಡುಗರು ಏರುತ್ತಿದ್ದರು, ನೀರು ಸುರಿಯುತ್ತಿತ್ತು, ಗದ್ದಲವೋ ಗದ್ದಲ. "ಅವ್ವ, ಇಲ್ಲಿ ನೋಡು" ಅಂದೆ. ಅವಳು ಸೆರಗು ಸರಿಮಾಡಿಕೊಂಡು, ಎರಡೂ ಕೈ ಕೆಳಗೆ ಬಿಟ್ಟು, ನೆಟ್ಟಗೆ ನಿಂತಳು. ರೆಪ್ಪೆ ಕೂಡ ಬಡಿಯಲಿಲ್ಲ. ಬಿಗ್ಸ್ ಸಾಹೇಬ ಮುಚ್ಚಳ ತೆಗೆದು ನಿಮಿಷ ಎಣಿಸಿದ್ದರೂ ನಡೆಯುತ್ತಿತ್ತು. ನಾನು ಒಂದರ ಹಿಂದೆ ಒಂದು ಆರು ಫೋಟೋ ತೆಗೆದೆ, ಆರೂ ಒಂದೇ ಥರ.

"ಆಯ್ತಾ?" ಅಂದಳು, ತುಟಿ ಅಲ್ಲಾಡಿಸದೆ.

"ಆಯ್ತವ್ವ. ಉಸಿರು ಬಿಡು."